ಲೈಸೆನ್ಸ್ ಸಿಕ್ಕಿತು, ರಿವಾಲ್ವರ್ ಬಂತು... ಬೀಗ ಹಾಕೋದು ಯಾರು?

ದಾವಣಗೆರೆ: ನ್ಯಾಮತಿಯ ಎಸ್‌ಬಿಐ ಶಾಖೆಯಲ್ಲಿ 2024ರ ಅಕ್ಟೋಬರ್ ಕೊನೆಯಲ್ಲಿ 17 ಕೆ.ಜಿ.ಗೂ ಹೆಚ್ಚು ಚಿನ್ನ ಕಳವಾಯ್ತು. ಮೂರು ತಿಂಗಳು ಕಳೆಯೋ ಹೊತ್ತಿಗೆ, 2025ರ ಜನವರಿಯಲ್ಲಿ, ಬೀದರ್‌ನಲ್ಲಿ ಎಟಿಎಂ ಹಣದ ಸಿಬ್ಬಂದಿ ಮೇಲೆ ಹಾಡಹಗಲೇ ಗುಂಡು ಹಾರಿತು. ಮರುದಿನವೇ ಉಳ್ಳಾಲದ ಕೋಟೆಕಾರು ಬ್ಯಾಂಕ್ ದರೋಡೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ವಿಜಯಪುರ ಜಿಲ್ಲೆಯ ಚಡಚಣದಲ್ಲಿ ಮತ್ತೊಂದು. ಇಂಥ ಸುದ್ದಿ ಬಂದಾಗಲೆಲ್ಲ ಮಂಡಿಪೇಟೆಯ ವ್ಯಾಪಾರಿಗೂ, ಹರಿಹರದ ಹೊರವಲಯದಲ್ಲಿ ಒಂಟಿ ಮನೆ ಕಟ್ಟಿಕೊಂಡವರಿಗೂ, ಚನ್ನಗಿರಿಯ ಅಡಿಕೆ ಬೆಳೆಗಾರರಿಗೂ ಒಂದೇ ಯೋಚನೆ: 'ನಮ್ ಹತ್ರಾನೂ ಒಂದು ಇದ್ರೆ ಒಳ್ಳೇದಲ್ವಾ?'

ಈ ಯೋಚನೆ ತಪ್ಪಲ್ಲ. ಆದರೆ ಮಾತೆಲ್ಲ ಲೈಸೆನ್ಸ್ ಹೇಗೆ ಸಿಗುತ್ತೆ, ಯಾರ ಶಿಫಾರಸು ಬೇಕು ಅನ್ನೋದರ ಸುತ್ತಲೇ ತಿರುಗುತ್ತೆ. ಸಿಕ್ಕ ಮೇಲೆ ಏನು ಅನ್ನೋದನ್ನ ಕೇಳುವವರು ಕಡಿಮೆ. ಅಪಾಯ ಶುರುವಾಗೋದು ಅಲ್ಲಿಂದಲೇ.

ನ್ಯಾಮತಿ ಹೇಳಿಕೊಟ್ಟ ಪಾಠ

ಜಿಲ್ಲೆಯ ಅತಿ ದೊಡ್ಡ ಕಳವುಗಳಲ್ಲಿ ಒಂದಾದ ನ್ಯಾಮತಿ ಪ್ರಕರಣದಲ್ಲಿ ಯಾರ ಹಣೆಗೂ ಪಿಸ್ತೂಲ್ ಹಿಡಿದಿರಲಿಲ್ಲ. ರಾತ್ರಿ ಹೊತ್ತು ಕಿಟಕಿಯ ಗ್ರಿಲ್ ಕಿತ್ತು ಒಳನುಗ್ಗಿದ್ದರು. ಒಳಗೆ ಯಾರೂ ಇರಲಿಲ್ಲ. ಐದು ತಿಂಗಳ ತನಿಖೆ ನಂತರ 2025ರ ಮಾರ್ಚ್‌ನಲ್ಲಿ ಪೊಲೀಸರು ತಮಿಳುನಾಡಿನ ಬಾವಿಯೊಂದರಿಂದ ಚಿನ್ನ ಮೇಲೆತ್ತಿದರು. ಅಲ್ಲಿ ಬೇಕಾಗಿದ್ದದ್ದು ಗಟ್ಟಿ ಗ್ರಿಲ್, ಕೆಲಸ ಮಾಡುವ ಅಲಾರಂ, ರಾತ್ರಿ ಕಾವಲು. ಗಲ್ಲಾಪೆಟ್ಟಿಗೆ, ಮನೆ, ತೋಟ, ಎಲ್ಲದಕ್ಕೂ ಇದೇ ಲೆಕ್ಕ. ರಿವಾಲ್ವರ್ ಕೊನೆಯ ದಾರಿಯೇ ಹೊರತು ಮೊದಲನೆಯದಲ್ಲ.

ಇನ್ನೊಂದು ಪಾಠ ಮಂಡ್ಯ ಜಿಲ್ಲೆಯದು. 2025ರ ಫೆಬ್ರುವರಿಯಲ್ಲಿ ನಾಗಮಂಗಲ ತಾಲೂಕಿನ ಕೋಳಿ ಫಾರಂ ಒಂದರಲ್ಲಿ ಇಟ್ಟಿದ್ದ ಬಂದೂಕನ್ನು 15 ವರ್ಷದ ಹುಡುಗ ಕೈಗೆತ್ತಿಕೊಂಡ. ಗುಂಡು ಹಾರಿತು. ನಾಲ್ಕು ವರ್ಷದ ಮಗು ಸತ್ತಿತು, ತಾಯಿಗೆ ಗಾಯವಾಯ್ತು. ಕಳ್ಳ ಬಂದಿರಲಿಲ್ಲ, ದರೋಡೆಯೂ ಆಗಿರಲಿಲ್ಲ. ಬಂದೂಕು ಕೈಗೆ ಸಿಗುವಂತಿತ್ತು, ಅಷ್ಟೇ.

ಕಾನೂನು ಏನು ಕೇಳುತ್ತೆ?

ಭಾರತದಲ್ಲಿ ಬಂದೂಕು ಇಟ್ಟುಕೊಳ್ಳೋದು ಅಮೆರಿಕದಂತೆ ಸಂವಿಧಾನ ಕೊಟ್ಟ ಹಕ್ಕಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಕೊಡುವ ಅನುಮತಿ. ಆತ್ಮರಕ್ಷಣೆಗೆ ಅರ್ಜಿ ಹಾಕುವವರಿಗೆ 21 ವರ್ಷ ತುಂಬಿರಬೇಕು. ದಾವಣಗೆರೆಯಲ್ಲಿ ಪೊಲೀಸ್ ಕಮಿಷನರೇಟ್ ಇಲ್ಲದ ಕಾರಣ ಲೈಸೆನ್ಸ್ ಅಧಿಕಾರ ಜಿಲ್ಲಾಧಿಕಾರಿಗಳದ್ದು. ಪೊಲೀಸ್ ವರದಿ ಬಂದ ಮೇಲೇ ತೀರ್ಮಾನ. ಸಾಮಾನ್ಯರಿಗೆ ಸಿಗೋದು .32 ಬೋರ್‌ನ ರಿವಾಲ್ವರ್ ಅಥವಾ ಪಿಸ್ತೂಲ್. 9 ಎಂಎಂ ನಿಷೇಧಿತ ಬೋರ್ ಪಟ್ಟಿಯಲ್ಲಿದೆ.

2019ರ ತಿದ್ದುಪಡಿ ಎರಡು ಮುಖ್ಯ ಬದಲಾವಣೆ ತಂದಿತು. ಒಬ್ಬರು ಹೊಂದಬಹುದಾದ ಬಂದೂಕು ಮೂರರಿಂದ ಎರಡಕ್ಕೆ ಇಳಿಯಿತು. ಲೈಸೆನ್ಸ್ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿತು. ಎರಡನೆಯದು ಕಚೇರಿಗೆ ಅಲೆಯೋದನ್ನ ತಪ್ಪಿಸಿತು ನಿಜ. ಆದರೆ ನವೀಕರಣದ ನೆಪದಲ್ಲಾದರೂ ನಡೆಯುತ್ತಿದ್ದ ತಪಾಸಣೆ ಈಗ ಐದು ವರ್ಷಕ್ಕೊಮ್ಮೆ. ಆ ಐದು ವರ್ಷ ಮನೆಯೊಳಗಿನ ಶಿಸ್ತು ಪೂರ್ತಿ ಮಾಲೀಕನ ಮೇಲೆ.

2016ರ ನಿಯಮಾವಳಿ ಅರ್ಜಿದಾರರಿಗೆ ಸುರಕ್ಷತಾ ತರಬೇತಿ ಬೇಕು ಎಂದು ಹೇಳುತ್ತೆ. ಹಿಡಿಯುವ ಮತ್ತು ಒಯ್ಯುವ ಕ್ರಮ, ಗುಂಡು ಹಾರಿಸುವ ವಿಧಾನ, ಬಂದೂಕಿನ ಆರೈಕೆ, ಭದ್ರವಾಗಿ ಇಡೋದು ಮತ್ತು ಸಾಗಿಸೋದು, ಇವಿಷ್ಟೂ ಅದರಲ್ಲಿ ಸೇರಿವೆ. ಪ್ರಮಾಣಪತ್ರವನ್ನು ಅರ್ಜಿ ಜೊತೆಗಿಡುವ ಇನ್ನೊಂದು ಕಾಗದ ಎಂದುಕೊಂಡರೆ ನಷ್ಟ ಅವರಿಗೇ.

ಕೈಗೆ ಬರಬೇಕಾದ ನಾಲ್ಕು ಅಭ್ಯಾಸ

ತರಬೇತಿಯ ತಿರುಳು ನಾಲ್ಕೇ ಮಾತು. ಯಾವ ಬಂದೂಕನ್ನೂ ಖಾಲಿ ಅಂದುಕೊಳ್ಳಬಾರದು. ನಳಿಗೆಯನ್ನು ಯಾರ ಕಡೆಗೂ ತಿರುಗಿಸಬಾರದು, ತಮಾಷೆಗೂ. ಗುರಿ ಖಚಿತವಾಗುವ ತನಕ ಬೆರಳು ಟ್ರಿಗರ್ ಮೇಲೆ ಹೋಗಬಾರದು. ಗುರಿಯ ಹಿಂದೆ ಯಾರಿದ್ದಾರೆ, ಏನಿದೆ ಅನ್ನೋದು ಗೊತ್ತಿರಬೇಕು.

ನಾಲ್ಕನೆಯದು ದಾವಣಗೆರೆಯಂಥ ಊರಲ್ಲಿ ಬಹಳ ಮುಖ್ಯ. ಹಳೇ ದಾವಣಗೆರೆಯ ಓಣಿಗಳಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳು. ತಪ್ಪಿದ ಗುಂಡು ಪ್ಲೈವುಡ್ ಬಾಗಿಲಿಗೋ ಶೀಟಿನ ಛಾವಣಿಗೋ ನಿಲ್ಲಲ್ಲ. ಪಕ್ಕದ ಮನೆಯಲ್ಲಿ ಮಲಗಿದವರವರೆಗೂ ಹೋಗುತ್ತೆ.

ಮೊದಲ ಸಲ ಕೊಳ್ಳುವವರು ಮೋಸ ಹೋಗೋ ಜಾಗ ಇನ್ನೊಂದಿದೆ. ಪಿಸ್ತೂಲಿನ ಮ್ಯಾಗಜಿನ್ ತೆಗೆದರೆ ಖಾಲಿಯಾಯ್ತು ಅಂತ ತಿಳಿಯೋದು. ಚೇಂಬರ್‌ನಲ್ಲಿ ಒಂದು ಗುಂಡು ಕೂತಿರಬಹುದು. ಮೊದಲು ಮ್ಯಾಗಜಿನ್ ತೆಗೆಯಬೇಕು, ಆಮೇಲೆ ಸ್ಲೈಡ್ ಹಿಂದೆಳೆದು ಚೇಂಬರನ್ನು ಕಣ್ಣಲ್ಲೂ ಬೆರಳಲ್ಲೂ ನೋಡಬೇಕು. ಕಾನ್ಪುರದಲ್ಲಿ ತಯಾರಾಗುವ .32 ರಿವಾಲ್ವರ್‌ನಲ್ಲಿ ಆರು ಗುಂಡು. ಸಿಲಿಂಡರ್ ತೆರೆದರೆ ಆರೂ ಮನೆ ಎದುರಿಗೇ ಕಾಣುತ್ತವೆ. ಹೊಸಬರಿಗೆ ರಿವಾಲ್ವರ್ ಸುಲಭ ಅನ್ನೋದು ಇದಕ್ಕೇ.

ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ಪೊಲೀಸರು ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತಾರೆ. ಆಸಕ್ತರು ಎಸ್ಪಿ ಕಚೇರಿಯಲ್ಲಿ ವಿಚಾರಿಸೋದು ಒಳ್ಳೇದು. ರೈಫಲ್ ಕಲಿತವರಿಗೂ ರಿವಾಲ್ವರ್ ಕೈಗೆ ಹೊಸದೇ. ಚಿಕ್ಕ ನಳಿಗೆ ಮಣಿಕಟ್ಟು ಸ್ವಲ್ಪ ಅಲುಗಿದರೂ ಸಾಕು, ಬೇರೆ ಕಡೆ ತಿರುಗಿಬಿಡುತ್ತೆ. ಅಭ್ಯಾಸ ಮಾಡಬೇಕಾದ್ದು ಅನುಮತಿ ಪಡೆದ ಶೂಟಿಂಗ್ ರೇಂಜ್‌ನಲ್ಲೇ. ತೋಟದ ಬದು, ತುಂಗಭದ್ರೆಯ ದಡ, ಮನೆಯ ತಾರಸಿ ರೇಂಜ್ ಅಲ್ಲ.

ಜೊತೆಗೆ ಕೊಳ್ಳಬೇಕಾದ್ದು

ರಿವಾಲ್ವರ್‌ಗೆ ದುಡ್ಡು ಹೊಂದಿಸಿದವರು ಉಳಿದದ್ದಕ್ಕೆ ಜಿಪುಣತನ ಮಾಡೋದುಂಟು. ಪಟ್ಟಿ ದೊಡ್ಡದೇನಲ್ಲ.

ಮೊದಲನೆಯದು ಗೋಡೆಗೋ ನೆಲಕ್ಕೋ ಬೋಲ್ಟ್ ಹಾಕಿ ಕೂರಿಸಿದ ಉಕ್ಕಿನ ಲಾಕರ್. ಬೀರುವಿನ ಸೀರೆ ಅಡಿ, ದಿಂಬಿನ ಕೆಳಗೆ, ಅಂಗಡಿಯ ಗಲ್ಲಾ, ಕಾರಿನ ಡ್ಯಾಶ್‌ಬೋರ್ಡ್, ಇವು ಲಾಕರ್ ಅಲ್ಲ. ಗುಂಡುಗಳಿಗೆ ಬೇರೆ ಪೆಟ್ಟಿಗೆ, ಬೇರೆ ಕೀ. ಮನೆಯಲ್ಲಿ ಮಕ್ಕಳಿದ್ದರೆ ಕೀ ಎಲ್ಲಿದೆ ಅನ್ನೋದು ಅವರಿಗೆ ತಿಳಿಯಲೇಬಾರದು.

ಎರಡನೆಯದು ಆ ಮಾಡೆಲ್‌ಗೇ ಹೊಂದುವ, ಟ್ರಿಗರ್ ಪೂರ್ತಿ ಮುಚ್ಚುವ ಹೋಲ್‌ಸ್ಟರ್. ಕೈಬಂದೂಕನ್ನು ಸಾರ್ವಜನಿಕ ಜಾಗದಲ್ಲಿ ಹೋಲ್‌ಸ್ಟರ್ ಅಥವಾ ಚೀಲದೊಳಗೆ, ಹೊರಗೆ ಕಾಣದಂತೆ ಒಯ್ಯಬೇಕು ಅನ್ನೋದು ನಿಯಮವೂ ಹೌದು. ಸೊಂಟಕ್ಕೆ ಬರಿದೇ ಸಿಕ್ಕಿಸಿಕೊಳ್ಳೋದು ಸಿನಿಮಾದಲ್ಲಿ ಚೆಂದ.

ಮೂರನೆಯದು ಕಿವಿಗೆ ರಕ್ಷಣೆ, ಕಣ್ಣಿಗೆ ಕನ್ನಡಕ. ರೇಂಜ್‌ನಲ್ಲಿ ಇವಿಲ್ಲದೆ ಒಂದು ಗುಂಡೂ ಹಾರಿಸಬಾರದು. ನಾಲ್ಕನೆಯದು ರಾಡ್, ಬ್ರಷ್, ಎಣ್ಣೆ ಇರುವ ಕ್ಲೀನಿಂಗ್ ಕಿಟ್. ಮಳೆಗಾಲದಲ್ಲಿ ಚರ್ಮದ ಹೋಲ್‌ಸ್ಟರ್ ತೇವ ಹಿಡಿದಿಡುತ್ತೆ. ರಿವಾಲ್ವರನ್ನು ಅದರೊಳಗೇ ತಿಂಗಳುಗಟ್ಟಲೆ ಬಿಟ್ಟರೆ ತುಕ್ಕು ಗ್ಯಾರಂಟಿ.

ಜಂಭಕ್ಕೆ ಬೆಲೆ ಇದೆ

ಮದುವೆ, ಜಾತ್ರೆ, ಮೆರವಣಿಗೆಯಲ್ಲಿ ಸಂಭ್ರಮಕ್ಕೆ ಗುಂಡು ಹಾರಿಸಿದರೆ 2019ರ ತಿದ್ದುಪಡಿ ಪ್ರಕಾರ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಯಾರಿಗೂ ತಾಗದಿದ್ದರೂ ಅಪರಾಧವೇ. ಎಲ್ಲರೆದುರು ಝಳಪಿಸಿದರೆ ಲೈಸೆನ್ಸ್‌ಗೇ ಕುತ್ತು. ಆಯುಧ ಪೂಜೆಗೆ ಹೊರತೆಗೆದಾಗಲೂ ಮೊದಲು ಗುಂಡು ಖಾಲಿ ಮಾಡಬೇಕು. ಪೂಜೆ ಮುಗಿದ ಮೇಲೆ ಅದು ಸೇರಬೇಕಾದ್ದು ಲಾಕರ್‌ಗೆ, ವಾಟ್ಸ್‌ಆ್ಯಪ್ ಸ್ಟೇಟಸ್‌ಗಲ್ಲ.

ಆತ್ಮರಕ್ಷಣೆಗೂ ಮಿತಿ ಇದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆ ಪ್ರಾಣ, ಆಸ್ತಿ ಕಾಪಾಡಿಕೊಳ್ಳುವ ಹಕ್ಕು ಕೊಡುತ್ತೆ. ಆದರೆ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಓಡಿಹೋಗುತ್ತಿರುವ ಕಳ್ಳನ ಬೆನ್ನಿಗೆ ಗುಂಡು ಹೊಡೆದವರು ಕೋರ್ಟ್‌ನಲ್ಲಿ ಉತ್ತರ ಕೊಡಬೇಕಾಗುತ್ತೆ. ನಿರ್ಲಕ್ಷ್ಯದಿಂದ ಸಾವಾದರೆ ಐದು ವರ್ಷದವರೆಗೆ ಶಿಕ್ಷೆ.

ಚುನಾವಣೆ ಬಂದಾಗ ಠಾಣೆಗೆ ಬಂದೂಕು ಜಮಾ ಮಾಡಬೇಕೆಂಬ ಆದೇಶ ಜಿಲ್ಲೆಗೆ ಹೊಸದಲ್ಲ. ಕಾಡುಹಂದಿ ಕಾಟ ಇರುವ ರೈತರಿಗೆ ಇದು ತಲೆನೋವು. ಅಂಥವರಿಗೆ ವಿನಾಯಿತಿ ಕೇಳಲು ಸ್ಕ್ರೀನಿಂಗ್ ಸಮಿತಿಯ ದಾರಿ ಇದೆ. ವಿನಾಯಿತಿ ಸಿಗದಿದ್ದರೆ ಜಮಾ ಮಾಡಿ ರಸೀದಿ ಪಡೆಯಬೇಕು. ಬಂದೂಕು ಕಳೆದುಹೋದರೆ ತಕ್ಷಣ ಠಾಣೆಗೆ ತಿಳಿಸಬೇಕು. ಲೈಸೆನ್ಸ್‌ದಾರರು ತೀರಿಕೊಂಡರೆ ಮನೆಯವರು 'ಅಪ್ಪನ ನೆನಪು' ಅಂತ ಇಟ್ಟುಕೊಳ್ಳುವಂತಿಲ್ಲ. ಠಾಣೆಗೋ ಅಧಿಕೃತ ಡೀಲರ್‌ಗೋ ಒಪ್ಪಿಸಿ, ವಾರಸುದಾರರು ಬೇರೆ ಅರ್ಜಿ ಹಾಕಬೇಕು.

ಜಿಲ್ಲಾಡಳಿತ ಮಾಡಬಹುದಾದ್ದು

ದೊಡ್ಡ ಖರ್ಚಿನ ಕೆಲಸ ಏನಿಲ್ಲ. ಹೊಸ ಲೈಸೆನ್ಸ್ ಕೊಡುವ ಮುನ್ನ ಬೀಟ್ ಪೊಲೀಸರು ಮನೆಗೆ ಹೋಗಿ ಲಾಕರ್ ನೋಡಬಹುದು. ಐದು ವರ್ಷದ ಮಧ್ಯೆ ಒಂದು ಸಲವಾದರೂ ಮತ್ತೆ ಹೋಗಬಹುದು. ನಾಗರಿಕ ಶಿಬಿರದಲ್ಲಿ ಕೈಬಂದೂಕಿಗೆ ಅಂತ ಒಂದು ದಿನ ಸೇರಿಸಬಹುದು. ಆ ದಿನದ ಪಾಠಕ್ಕೆ ಲೈಸೆನ್ಸ್‌ದಾರರ ಮನೆಯವರನ್ನೂ ಕರೆಯಬಹುದು. ಅಪಘಾತ ಆದಾಗ ಬಂದೂಕು ಇರೋದು ಬಹಳ ಸಲ ಮಾಲೀಕರ ಕೈಯಲ್ಲಲ್ಲ, ಮನೆಯ ಇನ್ನೊಬ್ಬರ ಕೈಯಲ್ಲಿ.

ಅಲ್ಲಿಯವರೆಗೆ ಅರ್ಜಿ ಹಾಕುವವರೇ ಒಂದು ಪ್ರಶ್ನೆ ಕೇಳಿಕೊಳ್ಳಬಹುದು. ರಾತ್ರಿ ಎರಡಕ್ಕೆ, ಕರೆಂಟ್ ಹೋದಾಗ, ಬಾಗಿಲ ಹತ್ತಿರ ಸದ್ದಾದರೆ, ಅಲ್ಲಿ ನಿಂತಿರೋದು ಕಳ್ಳನೋ, ತಡವಾಗಿ ಮನೆಗೆ ಬಂದ ಮಗನೋ ಅಂತ ಖಾತ್ರಿ ಮಾಡಿಕೊಳ್ಳುವಷ್ಟು ತಾಳ್ಮೆ, ತರಬೇತಿ ಇದೆಯೇ? ಇಲ್ಲ ಅನ್ನುವವರು ಸದ್ಯ ಆ ದುಡ್ಡನ್ನ ಗಟ್ಟಿ ಬಾಗಿಲಿಗೆ, ಒಂದು ಕ್ಯಾಮೆರಾಕ್ಕೆ ಹಾಕೋದು ಮೇಲು. ತುರ್ತಿಗೆ 112 ಇದ್ದೇ ಇದೆ.