ಹಳೆ ಮನೆ ಪಾಲುದಾರಿಕೆಗೆ: ಕೈಗೆ ಹಣವಿಲ್ಲ, ತೆರಿಗೆ ಮಾತ್ರ ಬಾಕಿ

ಕಾಸರಗೋಡು: ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಒಳದಾರಿಗಳಲ್ಲಿ ಬೀಗ ಬಿದ್ದ ಹಂಚಿನ ಮನೆಗಳಿಗೆ ಕೊರತೆಯಿಲ್ಲ. ಹಿರಿಯರು ತೀರಿಕೊಂಡರು, ಮಕ್ಕಳು ಮಂಗಳೂರು, ಬೆಂಗಳೂರು, ದುಬೈ ಸೇರಿದರು. ವರ್ಷಕ್ಕೊಮ್ಮೆ ತಂಬಿಲಕ್ಕೋ ಕೋಲಕ್ಕೋ ಬಾಗಿಲು ತೆರೆದರೆ ಆಯಿತು. ಬೇಕಲದತ್ತ ಪ್ರವಾಸಿಗರು ಬರತೊಡಗಿದ ಮೇಲೆ ಇಂತಹ ಮನೆಯನ್ನು ಅತಿಥಿಗೃಹ ಮಾಡುವ ಯೋಚನೆ ಸಹಜವೇ. ಅಣ್ಣ-ತಂಗಿ ಸೇರಿ ಪಾಲುದಾರಿಕೆ ಸಂಸ್ಥೆ ಮಾಡಿ, ಮನೆಯನ್ನೇ ಬಂಡವಾಳವಾಗಿ ಹಾಕಿದರೆ ಮುಗಿಯಿತಲ್ಲ ಎಂಬುದು ಸಾಮಾನ್ಯ ಲೆಕ್ಕಾಚಾರ. ಮನೆ ನಮ್ಮದೇ, ಸಂಸ್ಥೆಯೂ ನಮ್ಮದೇ, ಮಾರಾಟ ಎಲ್ಲಿಂದ ಬಂತು?

ಆದಾಯ ತೆರಿಗೆ ಕಾನೂನು ಹಾಗೆ ನೋಡುವುದಿಲ್ಲ. ಒಂದು ಕಾಲದಲ್ಲಿ ಈ ವಾದಕ್ಕೆ ಬಲವಿತ್ತು. 1985ರಲ್ಲಿ ಸುನಿಲ್ ಸಿದ್ಧಾರ್ಥಭಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇದು ಹಸ್ತಾಂತರವೇ ಹೌದು, ಆದರೆ ಪ್ರತಿಫಲ ಇಷ್ಟೇ ಎಂದು ಲೆಕ್ಕ ಹಾಕಲಾಗದ ಕಾರಣ ತೆರಿಗೆ ಇಲ್ಲ ಎಂದಿತು. ಕೇಂದ್ರ ಸರಕಾರ ಸುಮ್ಮನಿರಲಿಲ್ಲ. 1987ರ ಹಣಕಾಸು ಕಾಯ್ದೆಯ ಮೂಲಕ 45(3)ನೇ ಸೆಕ್ಷನ್ ತಂದಿತು. ಸಂಸ್ಥೆಯ ಲೆಕ್ಕಪುಸ್ತಕದಲ್ಲಿ ಮನೆಗೆ ಎಷ್ಟು ಮೌಲ್ಯ ಬರೆಯುತ್ತಾರೋ ಅದೇ ಮಾರಾಟದ ಬೆಲೆ ಎಂದಾಯಿತು. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಸೆಕ್ಷನ್ ನಂಬರುಗಳು ಬದಲಾದವು, ತತ್ವ ಬದಲಾಗಿಲ್ಲ.

ಒಂದು ಉದಾಹರಣೆ. ಪಾಲುಪಟ್ಟಿಯಲ್ಲಿ ಅಣ್ಣ-ತಂಗಿಗೆ ಸಮಪಾಲಾಗಿ ಬಂದ ಮನೆ. 2001 ಏಪ್ರಿಲ್ 1ರ ಮೌಲ್ಯ 8 ಲಕ್ಷ ರೂ. ಸಂಸ್ಥೆಯ ಪುಸ್ತಕದಲ್ಲಿ 80 ಲಕ್ಷ ಎಂದು ಬರೆದರು. ಲಾಭ 72 ಲಕ್ಷ, ತಲಾ 36 ಲಕ್ಷ. 2024ರ ಜುಲೈ 23ರಿಂದ ಬಂದ ಶೇ. 12.5ರ ದರದಲ್ಲಿ ತಲಾ 4.5 ಲಕ್ಷ, ಶೇ. 4 ಸೆಸ್ ಸೇರಿ 4.68 ಲಕ್ಷ. ಆ ದಿನಕ್ಕಿಂತ ಮೊದಲೇ ಕೈಗೆ ಬಂದ ಆಸ್ತಿಯಾದರೆ, ಬೆಲೆಯೇರಿಕೆ ಸೂಚ್ಯಂಕದ ಲಾಭ ಪಡೆದು ಶೇ. 20ರ ಹಳೆ ಲೆಕ್ಕದಲ್ಲಿ ತೆರಿಗೆ ಕಡಿಮೆ ಬರುವುದಾದರೆ ಅಷ್ಟನ್ನೇ ಕಟ್ಟಬಹುದು. ಇದು ದೇಶದ ನಿವಾಸಿಗಳಿಗೆ ಮಾತ್ರ, ಗಲ್ಫಿನಲ್ಲಿರುವ ಅನಿವಾಸಿ ತಮ್ಮನಿಗಿಲ್ಲ.

ಕಷ್ಟ ಇರುವುದು ಇಲ್ಲೇ. ಮನೆ ಮಾರಿದ್ದರೆ ಬಂದ ಹಣದಲ್ಲೇ ತೆರಿಗೆ ಕಟ್ಟಬಹುದಿತ್ತು. ಇಲ್ಲಿ ಬಂದದ್ದು ಪುಸ್ತಕದ ಒಂದು ಸಾಲು ಅಷ್ಟೆ. ಇಬ್ಬರ ಪಾಲಿನ 9.36 ಲಕ್ಷ ಕೈಯಿಂದಲೇ ಹೊಂದಿಸಬೇಕು, ಅದೂ ಮೊದಲ ಅತಿಥಿ ಬಾಗಿಲು ತಟ್ಟುವ ಮೊದಲೇ. ಪುಸ್ತಕದಲ್ಲಿ ಕಡಿಮೆ ಬರೆದರಾಯಿತು ಎನ್ನುವವರಿದ್ದಾರೆ. ಹಾಗೆ ಮಾಡಿದರೆ ಸಂಸ್ಥೆಗೆ ಸಿಗುವ ಸವಕಳಿ ಕಡಿಮೆಯಾಗುತ್ತದೆ, ಮುಂದೆ ಮಾರುವಾಗ ಲಾಭ ದೊಡ್ಡದಾಗಿ ಕಾಣುತ್ತದೆ. ಪಾಲುದಾರಿಕೆ ಸಂಸ್ಥೆಯ ಆದಾಯಕ್ಕೆ ಸಾಮಾನ್ಯ ದರವೇ ಶೇ. 30.

ಹೊಸ ಮನೆ ಕೊಳ್ಳುವವರಿಗೆ ಸಿಗುವ, ಹಳೆ ಕಾಯ್ದೆಯ 54ನೇ ಸೆಕ್ಷನ್‌ನಲ್ಲಿದ್ದ ವಿನಾಯಿತಿ (2 ವರ್ಷದೊಳಗೆ ಖರೀದಿ, 3 ವರ್ಷದೊಳಗೆ ಕಟ್ಟಡ) ವಾಸದ ಮನೆಗೆ ಮಾತ್ರ. ಮೊದಲೇ ಲಾಡ್ಜ್ ನಡೆಸಿ ಸವಕಳಿ ಪಡೆದ ಮೇಲೆ ಈ ವಿನಾಯಿತಿ ಕೇಳುವುದು ಕಷ್ಟ.

ಕಂಪನಿ ಮಾಡಿದರೆ ಹೊರೆ ಇನ್ನೂ ಹೆಚ್ಚು. ಆಧಾರ ನೋಂದಣಿಯಾಗಲೇಬೇಕು. ಕೇರಳದಲ್ಲಿ ಮಾರಾಟಕ್ಕೆ ಮುದ್ರಾಂಕ ಶುಲ್ಕ ಶೇ. 8, ನೋಂದಣಿ ಶುಲ್ಕ ಶೇ. 2. ಅದೇ 80 ಲಕ್ಷಕ್ಕೆ 8 ಲಕ್ಷ ರೂ. ಅಲ್ಲೇ ಹೋಯಿತು, ಆದಾಯ ತೆರಿಗೆ ಬೇರೆ.

ಒಳಗೆ ಹೋದ ಮನೆ ಹೊರಗೆ ಬರುವಾಗಲೂ ಬಿಡುಗಡೆಯಿಲ್ಲ. 2021ರ ಹಣಕಾಸು ಕಾಯ್ದೆಯ ನಂತರ, ಸಂಸ್ಥೆ ಮುಚ್ಚಿ ಅಥವಾ ಪಾಲುದಾರ ಬಿಟ್ಟು ಹೋಗಿ ಮನೆ ವಾಪಸು ಪಡೆದರೆ, ಅಂದಿನ ಮಾರುಕಟ್ಟೆ ಬೆಲೆಗೆ ಸಂಸ್ಥೆಯ ಮೇಲೆ ತೆರಿಗೆ ಬೀಳುತ್ತದೆ. ನಾಳೆ ಅಣ್ಣ-ತಂಗಿಗೆ ಮಾತು ಬಿದ್ದರೆ ಅಜ್ಜನ ಮನೆಯನ್ನೇ ಎರಡನೇ ಸಲ ತೆರಿಗೆ ಕೊಟ್ಟು ಬಿಡಿಸಿಕೊಂಡ ಹಾಗೆ.

ಹಾಗಾದರೆ ದಾರಿ? ಮನೆ ಒಬ್ಬರದೇ ಆಗಿದ್ದು ಅವರೇ ಸ್ವಂತ ಹೆಸರಲ್ಲಿ ವ್ಯಾಪಾರ ನಡೆಸಿದರೆ ಹಸ್ತಾಂತರವೇ ಇಲ್ಲ, ಆಗ ಈ ತೆರಿಗೆಯೂ ಇಲ್ಲ. ಇಬ್ಬರು ಮೂವರು ಇದ್ದರೆ ಮನೆಯನ್ನು ಕುಟುಂಬದವರ ಹೆಸರಲ್ಲೇ ಉಳಿಸಿ ಸಂಸ್ಥೆಗೆ ಬಾಡಿಗೆಗೆ ಕೊಡುವುದು ಕಡಿಮೆ ಅಪಾಯದ್ದು. ಬಾಡಿಗೆಯಲ್ಲಿ ಸಾಮಾನ್ಯವಾಗಿ ಶೇ. 30 ಕಡಿತ ಸಿಗುತ್ತದೆ. ಸಂಸ್ಥೆ ಜಿಎಸ್‌ಟಿ ನೋಂದಣಿ ಮಾಡಿಕೊಂಡಿದ್ದರೆ ಬಾಡಿಗೆಯ ಮೇಲಿನ ಜಿಎಸ್‌ಟಿ ಅದರ ತಲೆಗೆ. ಮತ್ತೊಂದು ವಿಚಾರ, ಕೇರಳ ಪ್ರವಾಸೋದ್ಯಮ ಇಲಾಖೆಯ ಹೋಂಸ್ಟೇ ಮಾನ್ಯತೆಗೆ ಮನೆಯವರು ಅಲ್ಲೇ ವಾಸವಿರಬೇಕು. ಎಲ್ಲರೂ ಊರು ಬಿಟ್ಟ ಮನೆಗೆ ಆ ಬೋರ್ಡು ಸಿಗದು, ಪಂಚಾಯತಿನಲ್ಲಿ ಕಟ್ಟಡದ ಬಳಕೆ ಬದಲಾವಣೆ ಮಾಡಿಸಿಕೊಳ್ಳಬೇಕು. ಬಾಡಿಗೆ ಕರಾರು ಒಂದು ವರ್ಷ ಮೀರಿದ್ದಾದರೆ ಅದೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಬೇಕು.