ಕರಿಕಲ್ಲಿನ ನೆಲದಲ್ಲಿ ಎರಡು ರಾತ್ರಿ

ಚಳಿಗಾಲದ ರಜೆ ಸಮೀಪಿಸಿತೆಂದರೆ ನಮ್ಮ ಸಂಸಾರಗಳಲ್ಲಿ ಪ್ರಯಾಣದ ಮಾತು ಏಳುತ್ತದೆ. ಹಿರಿಯರಿಗೆ ತ್ರ್ಯಂಬಕೇಶ್ವರನ ದರ್ಶನವಾಗಬೇಕು. ಮಕ್ಕಳಿಗೆ ಬೆಟ್ಟದ ಬುಡದಲ್ಲಿ ಡೇರೆ ಹಾಕಿ ಮಲಗಬೇಕು. ಒಂದೇ ಖರ್ಚಿನಲ್ಲಿ ಎರಡೂ ಆಗುವುದಾದರೆ ನಮ್ಮಂಥ ಸಂಬಳದಾರರಿಗೆ ಇನ್ನೇನು ಬೇಕು? ಆದರೆ ರಜೆಯ ಅರ್ಜಿ ಬರೆಯುವ ಮೊದಲು, ನಾವು ಮಲಗಲಿರುವ ನೆಲ ಎಂಥದೆಂಬುದನ್ನು ತಿಳಿಯುವುದು ಒಳ್ಳೆಯದು.

ತ್ರ್ಯಂಬಕವು ನಾಸಿಕದಿಂದ ಸುಮಾರು 28 ಕಿಲೋಮೀಟರು. ಅಲ್ಲಿನ ಬ್ರಹ್ಮಗಿರಿಯನ್ನು ದೂರದಿಂದ ನೋಡಿದರೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿ ಬಿರಿದು, ಲಾವಾರಸವು ಪದರದ ಮೇಲೆ ಪದರವಾಗಿ ಹರಿದು, ಆರಿ ಕಲ್ಲಾಯಿತು. ಇಂದು ಉಳಿದಿರುವುದೇ ಸುಮಾರು 5 ಲಕ್ಷ ಚದರ ಕಿಲೋಮೀಟರು. ಭೂಶಾಸ್ತ್ರಜ್ಞರು ಇದನ್ನು ‘ಡೆಕ್ಕನ್ ಟ್ರ್ಯಾಪ್’ ಎನ್ನುತ್ತಾರೆ. ಮೆಟ್ಟಿಲೆಂಬ ಅರ್ಥದ ಸ್ವೀಡಿಷ್ ಮಾತಿನಿಂದ ಬಂದ ಹೆಸರದು. ಇದು ಪರರ ನೆಲವೆಂದು ಮಕ್ಕಳಿಗೆ ಹೇಳಬೇಡಿ. ಇದೇ ಕಲ್ಲು ನಮ್ಮ ಬೆಳಗಾವಿ, ವಿಜಯಪುರ, ಕಲಬುರ್ಗಿ, ಬೀದರಗಳವರೆಗೂ ಹಬ್ಬಿದೆ. ಅಲ್ಲಿ ಜೋಳ ಬೆಳೆಯುವ ಎರೆಭೂಮಿ ಈ ಕಲ್ಲೇ ಸವೆದು ಆದ ಮಣ್ಣು.

ಆ ಬೆಂಕಿ ಎಂದೋ ಆರಿದೆ. ಈಗ ಡೇರೆ ಹಾಕುವವರು ಲೆಕ್ಕ ಹಾಕಬೇಕಾದುದು ನೀರನ್ನು. ಗಟ್ಟಿ ಕರಿಕಲ್ಲು ನೀರು ಹೀರುವುದಿಲ್ಲ. ನೆತ್ತಿಯಲ್ಲಿ ಸುರಿದ ಮಳೆ ಬಂಡೆಯ ಮೇಲೆ ಜಾರಿ, ನೋಡನೋಡುತ್ತಿದ್ದಂತೆ ಹಳ್ಳಕ್ಕಿಳಿಯುತ್ತದೆ. 2024ರ ಜೂನ್ 30ರಂದು ಇದೇ ಸಹ್ಯಾದ್ರಿಯ ಲೋಣಾವಳದಲ್ಲಿ, ಭೂಶಿ ಅಣೆಕಟ್ಟಿನ ಬಳಿಯ ಜಲಪಾತದಲ್ಲಿ ನಿಂತಿದ್ದ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ಅವರೂ ನಮ್ಮ ಹಾಗೆಯೇ ಮಕ್ಕಳೊಡನೆ ವಿಹಾರಕ್ಕೆ ಬಂದವರು. ಆದುದರಿಂದ ಜೂನಿನಿಂದ ಸೆಪ್ಟೆಂಬರಿನವರೆಗೆ ದರ್ಶನ ಮುಗಿಸಿ ಛತ್ರದಲ್ಲಿ ಮಲಗಿ. ಡೇರೆಯ ಮಾತು ಬೇಡ.

ಮಳೆ ಹಿಂತೆಗೆದ ಮೇಲೆ ಕಷ್ಟ ತಿರುವುಮುರುವಾಗುತ್ತದೆ. ಬಿರುಕುಗಳಲ್ಲಿ ಇಳಿದ ಅಷ್ಟಿಷ್ಟು ನೀರು ಎರಡು ಪದರಗಳ ನಡುವಣ ಕೆಂಪು ಜೇಡಿಯ ಮೇಲೆ ತಡೆದು, ಒರತೆಯಾಗಿ ಹೊರಬೀಳುತ್ತದೆ. ಬೇಸಗೆಗೆ ಇವುಗಳಲ್ಲಿ ಎಷ್ಟೋ ಬತ್ತುತ್ತವೆ. ಹಿಂದಿನವರು ಇದನ್ನರಿತೇ ಬೆಟ್ಟದ ಕೋಟೆಗಳಲ್ಲಿ ಬಂಡೆ ಕೊರೆದು ತೊಟ್ಟಿಗಳನ್ನು ಮಾಡಿದರು. ಡಿಸೆಂಬರು, ಜನವರಿಗಳೇ ನಮಗೆ ತಕ್ಕ ಕಾಲ.

ಡೇರೆಗೆ ಬೆಟ್ಟದ ಮೆಟ್ಟಿಲಿನಂಥ ಸಮತಟ್ಟು ಜಾಗವನ್ನೇ ಆರಿಸಿ. ಒಣಗಿದ್ದರೂ ಹಳ್ಳದ ಪಾತ್ರ ಬೇಡ, ಕಲ್ಲುರುಳುವ ಕಡಿದಾದ ಬಂಡೆಯ ಬುಡವೂ ಬೇಡ. ಅರಣ್ಯದ ನೆಲವಾದರೆ ಇಲಾಖೆಯ ಅನುಮತಿ ಬೇಕು. ಹೊಲವಾದರೆ ರೈತರನ್ನು ಕೇಳಬೇಕು. ಮಣ್ಣು ತೆಳುವಾದ ಕಡೆ ಗೂಟ ಇಳಿಯದು, ಹಗ್ಗವನ್ನು ದೊಡ್ಡ ಕಲ್ಲಿಗೆ ಬಿಗಿಯಬೇಕು. ಕುಡಿಯಲು, ಅಡಿಗೆಗೆ ತಲೆಗೆ ದಿನಕ್ಕೆ 4 ಲೀಟರಿಗೆ ಕಡಿಮೆಯಾಗದಂತೆ ನೀರು ಒಯ್ಯಿರಿ. ಒಣಹುಲ್ಲು ಬೇಗ ಹೊತ್ತುವುದರಿಂದ ಸೌದೆಯ ಒಲೆ ಬೇಡ. ರೊಟ್ಟಿ, ಚಟ್ನಿಪುಡಿ, ಅವಲಕ್ಕಿ ಇದ್ದರೆ ಒಲೆಯ ಗೊಡವೆಯೇ ಕಡಿಮೆ. ಪಕ್ಕದ ಅಂಜನೇರಿಯೇ ಹನುಮಂತನ ಜನ್ಮಸ್ಥಳವೆಂದು ಅಲ್ಲಿನವರು ಹೇಳಿದರೆ, ನಮ್ಮ ಅಂಜನಾದ್ರಿಯ ಪರವಾಗಿ ವಾದಕ್ಕಿಳಿಯದಿರುವುದು ಕ್ಷೇಮ. ಬೆಳಿಗ್ಗೆ ನೀರು ಕೇಳಬೇಕಾದುದು ಅವರನ್ನೇ!

ಇನ್ನೊಂದು ದಿನ ಉಳಿದರೆ ಛತ್ರಪತಿ ಸಂಭಾಜಿನಗರದ ದಾರಿ ಹಿಡಿದು ಎಲ್ಲೋರವನ್ನು ನೋಡಿ ಬರಬಹುದು. ಮಂಗಳವಾರ ಅಲ್ಲಿ ಬಾಗಿಲು ಮುಚ್ಚಿರುತ್ತದೆ. 8ನೆಯ ಶತಮಾನದಲ್ಲಿ ನಮ್ಮ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ ಕೈಲಾಸ ದೇವಾಲಯವನ್ನು ಇದೇ ಲಾವಾ ಕಲ್ಲಿನಲ್ಲಿ ಮೇಲಿನಿಂದ ಕೆಳಕ್ಕೆ ಕಡೆದರು. ಹಿಂದಿನ ರಾತ್ರಿ ಈ ಕಲ್ಲಿನ ಮೇಲೆ ಗೂಟ ಹೊಡೆಯಲು ಹೆಣಗಿದ ಮಕ್ಕಳಿಗೆ ಆ ಕೆಲಸದ ಹಿರಿಮೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೊರಡುವ ಮುನ್ನ ಮನೆಮಂದಿಯೆಲ್ಲ ಕುಳಿತು ಒಂದು ಪಟ್ಟಿ ಮಾಡಿ. ನೀರಿನ ಹೊಣೆಯ ಎದುರಿಗೆ ಒಬ್ಬರ ಹೆಸರನ್ನೇ ಬರೆಯಿರಿ. ಎಲ್ಲರ ಪಾಲಿಗೆಂದು ಬಿಟ್ಟ ಕಡತ ಯಾರ ಮೇಜಿನಿಂದಲೂ ಕದಲುವುದಿಲ್ಲವೆಂಬುದು ಕಚೇರಿಯಲ್ಲಿ ದುಡಿಯುವ ನಮಗೆಲ್ಲ ಗೊತ್ತಿರುವ ಮಾತೇ ಅಲ್ಲವೆ?