ನೆರೆಹೊರೆ

ಊರು ಬೆಳೆಯಿತೆಂದು ಹೇಳುವುದು ಸುಲಭ. ಊರಿನೊಡನೆ ಯಾರು ಯಾರು ಬೆಳೆದರೆಂದು ಹೇಳುವುದು ಕಷ್ಟ. 1951ರಲ್ಲಿ ಸುಮಾರು 8 ಲಕ್ಷ ಜನರಿದ್ದ ಬೆಂಗಳೂರು 2011ರ ಜನಗಣತಿಯ ವೇಳೆಗೆ 84 ಲಕ್ಷವನ್ನು ಮುಟ್ಟಿತು. ಈ ಬೆಳವಣಿಗೆಯ ಗುಣದೋಷಗಳನ್ನು ಅರಿಯಬೇಕಾದರೆ ಹಲಸೂರಿನಿಂದ ಕೃಷ್ಣರಾಜಪುರದಾಚೆಗೆ ಹಬ್ಬಿರುವ ನಗರದ ಪೂರ್ವಭಾಗವನ್ನು ನೋಡಬೇಕು.

ಹೊರಗಿನಿಂದ ಬಂದವರು ನೆಲೆಸುವುದು ಈ ಭಾಗಕ್ಕೆ ಹೊಸತಲ್ಲ. 1809ರಲ್ಲಿ ಆಂಗ್ಲರು ದಂಡಿನ ನೆಲೆಯನ್ನು ಸ್ಥಾಪಿಸಿದಾಗ ಅದರೊಡನೆ ವರ್ತಕರೂ ಕುಶಲಕರ್ಮಿಗಳೂ ಬಂದರು. ಇಂದಿನ ಶಿವಾಜಿನಗರ, ಹಲಸೂರುಗಳ ಬೀದಿಗಳಲ್ಲಿ ತಮಿಳು, ಉರ್ದು, ತೆಲುಗು, ಕನ್ನಡಗಳು ಒಟ್ಟಿಗೆ ಕೇಳಿಬಂದವು. 1940ರಲ್ಲಿ ವಿಮಾನ ಕಾರ್ಖಾನೆಯೂ 1948ರಲ್ಲಿ ಕೃಷ್ಣರಾಜಪುರದ ಬಳಿ ದೂರವಾಣಿ ಕಾರ್ಖಾನೆಯೂ ಆರಂಭವಾದವು. ಎರಡನೆಯದರ ಸುತ್ತ ಬೆಳೆದ ಬಡಾವಣೆಗೆ ದೂರವಾಣಿನಗರವೆಂದೇ ಹೆಸರಾಯಿತು. ಅಲ್ಲಿ ಅಧಿಕಾರಿಗೂ ಕಾರ್ಮಿಕನಿಗೂ ವೇತನದಲ್ಲಿ ಅಂತರವಿತ್ತು. ಆದರೆ ಶಾಲೆ, ಆಸ್ಪತ್ರೆ, ಆಟದ ಬಯಲುಗಳು ಕಾರ್ಖಾನೆಯ ಬಾಳಿನ ಭಾಗವಾಗಿದ್ದುದರಿಂದ ಒಬ್ಬರ ಮುಖ ಮತ್ತೊಬ್ಬರಿಗೆ ಪರಿಚಿತವಾಗಿತ್ತು.

1990ರ ದಶಕದಲ್ಲಿ ವೈಟ್‌ಫೀಲ್ಡಿನ ಬಳಿ ಮಾಹಿತಿ ತಂತ್ರಜ್ಞಾನ ಉದ್ಯಾನವು ತಲೆಯೆತ್ತಿದ ಮೇಲೆ ಬದಲಾವಣೆಯ ವೇಗ ಇಮ್ಮಡಿಸಿತು. ರಾಗಿಯ ಹೊಲಗಳಿದ್ದೆಡೆ ಬಹುಮಹಡಿ ಕಟ್ಟಡಗಳು ಎದ್ದವು. ಹೊಲವುಳ್ಳವನಿಗೆ ಹಣ ದೊರೆಯಿತು. ಆ ಹೊಲದಲ್ಲಿ ಕೂಲಿ ಮಾಡುತ್ತಿದ್ದವನಿಗೆ ಕೆಲಸ ತಪ್ಪಿತು. ದೇಶದ ನಾನಾ ಭಾಗಗಳಿಂದ ಎಂಜಿನಿಯರರು ಬಂದರು. ಅವರ ಮನೆಗಳನ್ನು ಕಟ್ಟಲು ರಾಯಚೂರು, ಯಾದಗಿರಿಗಳಿಂದ ಬಡ ಕುಟುಂಬಗಳೂ ಬಂದು ತಗಡಿನ ಶೆಡ್ಡುಗಳಲ್ಲಿ ನೆಲೆಸಿದವು.

ಇಂತಹ ಪ್ರದೇಶದ ಸರಾಸರಿ ವರಮಾನ ಹೆಚ್ಚಿತೆಂದು ಕೇಳಿದಾಗ ಸಂತೋಷವಾಗುವುದು ಸಹಜ. ಆದರೆ ಸರಾಸರಿಯೆಂಬುದು ಮರುಳುಮಾಡುವ ಲೆಕ್ಕ. ಒಂದು ಬೀದಿಯ ಒಂಬತ್ತು ಮನೆಗಳಿಗೆ ತಿಂಗಳಿಗೆ ತಲಾ 20 ಸಾವಿರ ರೂಪಾಯಿ, ಹತ್ತನೆಯ ಮನೆಗೆ 3 ಲಕ್ಷ 20 ಸಾವಿರ ರೂಪಾಯಿ ಬರುತ್ತದೆಂದು ಊಹಿಸೋಣ. ಸರಾಸರಿ 50 ಸಾವಿರವಾಗುತ್ತದೆ. ಅಷ್ಟು ವರಮಾನವುಳ್ಳ ಮನೆ ಆ ಬೀದಿಯಲ್ಲಿ ಒಂದೂ ಇಲ್ಲ! ಬಾಡಿಗೆಯೂ ತರಕಾರಿಯ ಬೆಲೆಯೂ ಮಾತ್ರ ಹತ್ತನೆಯ ಮನೆಯ ಶಕ್ತಿಗೆ ತಕ್ಕಂತೆ ಏರತೊಡಗುತ್ತವೆ.

ಸಿರಿವಂತರು ಬಂದುದರಿಂದಲೇ ಬಡವರಿಗೆ ಕೆಲಸ ದೊರೆಯಿತಲ್ಲವೇ ಎಂದು ಕೆಲವರು ಕೇಳುತ್ತಾರೆ. ಈ ಮಾತಿನಲ್ಲಿ ಸತ್ಯವಿದೆ. ಕಾವಲುಗಾರ, ವಾಹನ ಚಾಲಕ, ಮನೆಗೆಲಸದಾಕೆ ಮೊದಲಾದವರ ಜೀವನ ಅದರಿಂದಲೇ ನಡೆಯುತ್ತಿದೆ. ಆದರೆ ದುಡಿಯುವ ಮನೆಯ ಸಮೀಪದಲ್ಲಿ ಬಾಡಿಗೆ ಕೊಡಲಾರದೆ ಅವರು ದೂರ ದೂರಕ್ಕೆ ಸರಿಯಬೇಕಾಗಿದೆ. ಎತ್ತರದ ಗೋಡೆಯೊಳಗೆ ಉದ್ಯಾನ, ಈಜುಕೊಳ, ಅಂಗಡಿಗಳೆಲ್ಲವೂ ಇರುವಾಗ ಹೊರಗಿನ ಸರ್ಕಾರಿ ಶಾಲೆಯ ಸೂರು ಸೋರಿದರೆ ಒಳಗಿನವರಿಗೆ ತಿಳಿಯುವುದಾದರೂ ಹೇಗೆ?

ಗೋಡೆಯನ್ನು ಲೆಕ್ಕಿಸದ ವಸ್ತುವೊಂದಿದೆ, ಅದು ನೀರು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ 110 ಹಳ್ಳಿಗಳು ಸೇರಿದವು. ಅವುಗಳಿಗಾಗಿ ರೂಪಿಸಿದ ಕಾವೇರಿ ಐದನೆಯ ಹಂತದ ಯೋಜನೆ ಉದ್ಘಾಟನೆಯಾದುದು 2024ರ ಅಕ್ಟೋಬರಿನಲ್ಲಿ. ಆ ಹದಿನೇಳು ವರ್ಷ ಬಡವರೂ ಸಿರಿವಂತರೂ ಕೊಳವೆಬಾವಿಯನ್ನೂ ಟ್ಯಾಂಕರನ್ನೂ ನಂಬಿ ಕಾಲ ಕಳೆದರು. ಇತ್ತ ಕೆರೆಗಳಿಗೆ ನೀರೊಯ್ಯುವ ರಾಜಕಾಲುವೆಗಳು ಒತ್ತುವರಿಯಾದವು. 2022ರ ಸೆಪ್ಟೆಂಬರಿನ ಮಳೆಯಲ್ಲಿ ಮಹದೇವಪುರದ ಕಡೆಯ ಕೋಟಿಗಟ್ಟಲೆ ಬೆಲೆಯ ಮನೆಗಳಿಂದ ಜನರನ್ನು ಟ್ರ್ಯಾಕ್ಟರು, ದೋಣಿಗಳಲ್ಲಿ ಹೊರತರಬೇಕಾಯಿತು. ಸ್ವಂತಕ್ಕೆ ಎಷ್ಟೇ ಹಣವಿದ್ದರೂ ಊರಿನ ಕಾಲುವೆ ಕೆಟ್ಟರೆ ಸುಖವಿಲ್ಲವೆಂಬ ಪಾಠವನ್ನು ಆ ಮಳೆ ಕಲಿಸಿತು.

ಕನ್ನಡದಲ್ಲಿ ‘ನೆರೆ’ ಎಂಬ ಮಾತಿಗೆ ಪ್ರವಾಹವೆಂಬ ಅರ್ಥವೂ ಉಂಟು, ಪಕ್ಕದ ಮನೆಯೆಂಬ ಅರ್ಥವೂ ಉಂಟು. ಮೊದಲನೆಯದು ಬಂದಾಗ ಮಾತ್ರ ಎರಡನೆಯದನ್ನು ನೆನೆಯುವುದು ವಿವೇಕವಲ್ಲ. ಬೆಳೆಯುವ ಊರಿನ ತೆರಿಗೆಯ ಹಣ ಮೊದಲು ಸಲ್ಲಬೇಕಾದುದು ಸರ್ಕಾರಿ ಶಾಲೆಗೆ, ಕೆರೆಗೆ, ಕಾಲುವೆಗೆ ಮತ್ತು ದುಡಿಯುವವರಿಗೆ ಎಟುಕುವ ಬಾಡಿಗೆಯ ಮನೆಗಳಿಗೆ. ಹೊಸದಾಗಿ ಬಂದವರು ಊರಿನ ಭಾಷೆಯನ್ನು ಕಲಿತು ಊರಿನ ಕಷ್ಟಸುಖಗಳಿಗೆ ಹೆಗಲು ಕೊಡಬೇಕು. ಹಳಬರು ಅವರನ್ನು ನಮ್ಮವರೆಂದು ಬರಮಾಡಿಕೊಳ್ಳಬೇಕು. ಹತ್ತನೆಯ ಮನೆಯ ಮಗುವೂ ಉಳಿದ ಒಂಬತ್ತು ಮನೆಗಳ ಮಕ್ಕಳೂ ಒಂದೇ ಬಯಲಿನಲ್ಲಿ ಆಡುವಂತಾದಾಗ ಊರು ಬೆಳೆಯಿತೆಂದು ಧೈರ್ಯವಾಗಿ ಹೇಳಬಹುದು.